ನಾಯಿ, ಬೆಕ್ಕಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ: ತೋಟದ ಮನೆಯವರು ತಿಳಿದಿರಬೇಕಾದದ್ದು

ಕೊಡಗಿನ ತೋಟದ ಮನೆಗಳಲ್ಲಿ ನಾಯಿ ಇಲ್ಲದ ಅಂಗಳ ಅಪರೂಪ. ಬೆಕ್ಕನ್ನಂತೂ ಯಾರೂ ತಂದು ಸಾಕುವುದಿಲ್ಲ. ಸೌದೆ ಕೊಟ್ಟಿಗೆಯಲ್ಲಿ ಮರಿ ಹಾಕಿ ತಾನೇ ಮನೆಯದಾಗಿರುತ್ತದೆ. ಇವುಗಳಿಗೆ ಜ್ವರವೋ ಗಾಯವೋ ಆದರೆ ಮರುದಿನ ಗೋಣಿಕೊಪ್ಪಕ್ಕೋ ಸೋಮವಾರಪೇಟೆಗೋ ಹೋಗುವಾಗ ಜೀಪಿನಲ್ಲಿ ಕೂರಿಸಿಕೊಂಡು ಹೋದರಾಯಿತು. ಗಂಟಲಿಗೆ ಏನಾದರೂ ಸಿಕ್ಕಿ ಉಸಿರು ನಿಂತರೆ ಆ ಲೆಕ್ಕ ನಡೆಯುವುದಿಲ್ಲ. ಗಾಳಿ ಪೂರ್ತಿ ಕಟ್ಟಿದರೆ ಮೂರ್ನಾಲ್ಕು ನಿಮಿಷದಲ್ಲೇ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ಮಡಿಕೇರಿ ಪೇಟೆಯೊಳಗೇ ಮನೆಯಿದ್ದರೂ ಅಷ್ಟರಲ್ಲಿ ಡಾಕ್ಟರ ಮುಂದೆ ನಿಲ್ಲಲು ಆಗುವುದಿಲ್ಲ. ಇನ್ನು ಕಾಲೂರು, ಬಿರುನಾಣಿ ಕಡೆಯವರ ಮಾತು ಬೇಡ.

ಹಾಗೆಂದು ನಾಯಿ ಓಕರಿಸಿದ ಕೂಡಲೇ ಬಾಯಿಗೆ ಕೈ ಹಾಕುವುದೂ ತಪ್ಪು. ನಾನು ನೋಡಿದ ಮಟ್ಟಿಗೆ, ‘ಗಂಟಲಲ್ಲಿ ಏನೋ ಸಿಕ್ಕಿದೆ’ ಎಂದು ಜನ ಗಾಬರಿಯಾಗುವ ಹೆಚ್ಚಿನ ಸಂದರ್ಭಗಳಲ್ಲಿ ಗಂಟಲಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಮೊದಲು ನೋಡುವುದನ್ನು ಕಲಿಯಬೇಕು, ಆಮೇಲೆ ಕೈ ಹಾಕುವುದನ್ನು.

ಗಾಳಿ ಆಡುತ್ತಿದೆಯೇ?

ಇದೊಂದೇ ಪ್ರಶ್ನೆ ಮುಖ್ಯ. ಉತ್ತರ ಸಿಗಲು ಹತ್ತು ಸೆಕೆಂಡು ಸಾಕು.

ನಾಯಿ ಜೋರಾಗಿ ಕೆಮ್ಮುತ್ತಿದ್ದರೆ, ಕುಂಯ್‌ಗುಟ್ಟುತ್ತಿದ್ದರೆ, ಬೊಗಳಲು ಆಗುತ್ತಿದ್ದರೆ ಗಾಳಿ ಆಡುತ್ತಿದೆ ಎಂದೇ ಅರ್ಥ. ಜೊಲ್ಲು ಸುರಿಯಬಹುದು, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳಬಹುದು, ಮೂತಿಯನ್ನು ನೆಲಕ್ಕೆ ಉಜ್ಜಬಹುದು. ನೋಡಲು ಭಯಂಕರವಾದರೂ ಸಮಯವಿದೆ.

ನಿಜವಾಗಿ ಉಸಿರುಗಟ್ಟಿದ ಪ್ರಾಣಿಯಿಂದ ಸದ್ದೇ ಬರುವುದಿಲ್ಲ, ಬಂದರೂ ಒಳಗೆಳೆಯುವ ಸಣ್ಣ ಸಿಳ್ಳಿನಂಥ ಸದ್ದು ಅಷ್ಟೇ. ಕತ್ತು ಮುಂದೆ ಚಾಚಿ, ಬಾಯಿ ತೆರೆದು, ಎದೆ ಹೊಟ್ಟೆ ಎಳೆಯುತ್ತಿರುತ್ತದೆ; ಆದರೆ ಮೂಗಿನ ಬಳಿ ಕೈ ಹಿಡಿದರೆ ಗಾಳಿ ತಾಗುವುದಿಲ್ಲ. ಕಣ್ಣು ಮೇಲೆ ಸಿಕ್ಕಿರುತ್ತದೆ. ಒಸಡು, ನಾಲಿಗೆ ಮೊದಲು ಬಿಳಚಿ, ಆಮೇಲೆ ನೀಲಿಗೆ ತಿರುಗುತ್ತದೆ. ನಮ್ಮ ನಾಡನಾಯಿಗಳಲ್ಲಿ ಅನೇಕಕ್ಕೆ ಒಸಡೇ ಕಪ್ಪು. ಅಂಥದ್ದರಲ್ಲಿ ನಾಲಿಗೆಯನ್ನೋ ಕೆಳರೆಪ್ಪೆ ಎಳೆದು ಅದರ ಒಳಮೈಯನ್ನೋ ನೋಡಿ. ಇನ್ನೂ ಸ್ವಲ್ಪ ಹೊತ್ತಾದರೆ ಹಿಂಗಾಲು ಕುಸಿಯುತ್ತದೆ.

ಗಾಳಿ ಆಡುತ್ತಿದ್ದರೆ ಡಾಕ್ಟರ ಬಳಿ ಹೊರಡಿ. ಆಡದಿದ್ದರೆ ಹೊರಡಬೇಡಿ, ಅಲ್ಲೇ ಕೆಲಸ ಶುರು ಮಾಡಿ.

ಹಾಗೆ ಕಾಣುವ, ಆದರೆ ಅದಲ್ಲದ ಸಂಗತಿಗಳು

ಎಲ್ಲಕ್ಕಿಂತ ಮುಂಚೆ ಹುಚ್ಚುನಾಯಿ ರೋಗದ ವಿಷಯ. ಹುಚ್ಚು ಹಿಡಿದ ನಾಯಿ ಎಂದರೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾ ಓಡುವುದು ಎಂದೇ ನಾವು ತಿಳಿದಿದ್ದೇವೆ. ಇನ್ನೊಂದು ಬಗೆಯಿದೆ: ನಾಯಿ ಮಂಕಾಗಿ ಮೂಲೆ ಸೇರುತ್ತದೆ, ಕೆಳದವಡೆ ಜೋತುಬೀಳುತ್ತದೆ, ನುಂಗಲಾರದೆ ಜೊಲ್ಲು ಸುರಿಯುತ್ತದೆ, ಬೊಗಳುವ ದನಿ ಬದಲಾಗುತ್ತದೆ. ನೋಡಿದವರು ಮೂಳೆ ಸಿಕ್ಕಿದೆ ಎಂದೇ ಹೇಳುತ್ತಾರೆ. ಬಾಯಿ ತೆರೆದು ಬೆರಳು ಹಾಕಿ ಹುಡುಕುತ್ತಾರೆ. ಅಪಾಯ ಇರುವುದು ಅಲ್ಲೇ. ಹಸು ಮೇವು ಬಿಟ್ಟು ಜೊಲ್ಲು ಸುರಿಸಿದಾಗಲೂ ಇದೇ ಆಗುತ್ತದೆ. ಗಂಟಲಲ್ಲಿ ಹಲಸಿನಕಾಯಿ ಸಿಕ್ಕಿರಬೇಕು ಎಂದು ಮೊಣಕೈವರೆಗೆ ಕೈ ಹಾಕುವವರಿದ್ದಾರೆ.

ವ್ಯತ್ಯಾಸ ಹೇಗೆ ತಿಳಿಯುವುದು? ಉಸಿರುಗಟ್ಟುವುದು ಥಟ್ಟನೆ ಆಗುವಂಥದ್ದು, ತಿನ್ನುತ್ತಿದ್ದಾಗ, ಆಡುತ್ತಿದ್ದಾಗ. ನಿನ್ನೆ ಮೊನ್ನೆಯಿಂದ ಸರಿಯಿಲ್ಲ, ಊಟ ಬಿಟ್ಟಿದೆ, ಸ್ವಭಾವ ಬದಲಾಗಿದೆ ಎಂದರೆ ಬಾಯಿಗೆ ಕೈ ಹಾಕಬೇಡಿ. ಲಸಿಕೆ ಹಾಕಿಸದ ನಾಯಿ, ಬೀದಿಯ ನಾಯಿ, ತೋಟದಲ್ಲಿ ಯಾವುದರೊಂದಿಗೋ ಕಚ್ಚಾಡಿ ಬಂದ ನಾಯಿಯಾದರಂತೂ ಬೇಡವೇ ಬೇಡ. ಕಟ್ಟಿಹಾಕಿ ಅಥವಾ ಕೋಣೆಯಲ್ಲಿ ಕೂಡಿ ಪಶುವೈದ್ಯರಿಗೆ ತಿಳಿಸಿ. ಆಗಲೇ ಕೈ ಹಾಕಿಯಾಗಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಗೀರಿರುವ ಕೈಗೆ ಜೊಲ್ಲು ತಾಗುವುದು ಕಚ್ಚಿಸಿಕೊಂಡಷ್ಟೇ ಗಂಭೀರ. ತೋಟದ ಕೆಲಸ ಮಾಡುವವರ ಕೈಯಲ್ಲಿ ಗೀರಿಲ್ಲದ ದಿನ ಯಾವುದು?

ಉಳಿದವು ಇಷ್ಟು ಭಯದವಲ್ಲ. ಸಣ್ಣ ಜಾತಿಯ ನಾಯಿಗಳು ಕೆಲವೊಮ್ಮೆ ಕತ್ತು ಚಾಚಿ, ಮೊಣಕೈ ಅಗಲಿಸಿ ನಿಂತು ಮೂಗಿನಿಂದ ಗೊರ್ ಗೊರ್ ಎಂದು ಗಾಳಿ ಒಳಗೆಳೆಯುತ್ತವೆ. ಅದು ಒಳಸೀನು. ಗಂಟಲು ಮೆಲ್ಲಗೆ ನೀವಿದರೆ ಒಂದು ನಿಮಿಷದೊಳಗೆ ನಿಂತು ಏನೂ ಆಗದವರಂತೆ ಬಾಲ ಆಡಿಸುತ್ತವೆ. ಗೊಗ್ಗರು ಕೆಮ್ಮು ಕೆಮ್ಮಿ ಕೊನೆಗೆ ಬಿಳಿ ನೊರೆ ಕಕ್ಕುವುದು ಅಂಟು ಕೆಮ್ಮು. ನಾಲ್ಕು ನಾಯಿ ಸೇರಿದಲ್ಲಿ ಹರಡುತ್ತದೆ. ಪೊಮೆರೇನಿಯನ್‌ನಂಥವಕ್ಕೆ ವಯಸ್ಸಾದಾಗ ಶ್ವಾಸನಾಳವೇ ಚಪ್ಪಟೆಯಾಗಿ ಇಂಥದೇ ಕೆಮ್ಮು ಬರುವುದುಂಟು.

ಕಪ್ಪೆಯನ್ನು ಕಚ್ಚಿದ ನಾಯಿಗೂ ಬಾಯಿ ತುಂಬ ನೊರೆ ಬರುತ್ತದೆ. ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಒರೆಸಿ, ನೀರು ಗಂಟಲಿಗೆ ಇಳಿಯದಂತೆ ತಲೆ ತಗ್ಗಿಸಿ ತೊಳೆಯಿರಿ. ಕಾಫಿ ಹೂವಿನ ಕಾಲದಲ್ಲಿ ಜೇನುನೊಣವನ್ನು ಬಾಯಲ್ಲಿ ಹಿಡಿಯಲು ಹೋಗಿ ಮೂತಿ ಊದಿಸಿಕೊಳ್ಳುವುದೂ ಇದೆ. ಊತ ಗಂಟಲಿಗೆ ಇಳಿದರೆ ಉಸಿರು ಕಟ್ಟುತ್ತದೆ. ಆಗ ಬೆನ್ನು ತಟ್ಟಿ ಪ್ರಯೋಜನವಿಲ್ಲ, ಇಂಜೆಕ್ಷನ್ನೇ ಬೇಕು. ಜೊಲ್ಲಿನ ಜೊತೆ ಮೈ ಅದುರುತ್ತಿದ್ದರೆ, ಕಣ್ಣಿನ ಪಾಪೆ ಸಣ್ಣದಾಗಿದ್ದರೆ ಕೀಟನಾಶಕದ ಬಗ್ಗೆ ಯೋಚಿಸಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಗಾಳಿ ಆಡುತ್ತಿದೆ, ಆದರೆ ಏನೋ ಸಿಕ್ಕಿದೆ

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ಮರುದಿನ, ಪಕ್ಕದ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹುಡುಗ ಓಡಿ ಬಂದಿದ್ದ. "ಅಕ್ಕಾ, ನಮ್ಮ ನಾಯಿ ಸಾಯ್ತಾ ಉಂಟು." ಹೋಗಿ ನೋಡಿದರೆ ನಾಯಿ ಮೂತಿಯನ್ನು ಸಗಣಿ ನೆಲಕ್ಕೆ ಉಜ್ಜಿ ಉಜ್ಜಿ ಮೂಗಿನ ತುದಿಯ ಚರ್ಮ ಕಿತ್ತುಕೊಂಡಿದೆ, ಎದೆ ತನಕ ಜೊಲ್ಲು. ಆದರೆ ನಾಲಿಗೆ ಗುಲಾಬಿ, ಉಸಿರು ಸರಾಗ. ಅವರಮ್ಮ ನಾಯಿಯನ್ನು ತೊಡೆ ಸಂದಿಯಲ್ಲಿ ಹಿಡಿದು ಕೂತಳು, ನಾನು ಮೇಲ್ದವಡೆ ಎತ್ತಿದೆ, ಹುಡುಗ ಟಾರ್ಚ್ ಬಿಟ್ಟ. ಬೆರಳುದ್ದದ ಹಂದಿ ಮೂಳೆಯ ಚೂರು ಅಂಗುಳಿಗೆ ಅಡ್ಡಲಾಗಿ, ಎರಡು ಬದಿಯ ದವಡೆಹಲ್ಲುಗಳ ನಡುವೆ ಸಿಕ್ಕಿ ಕೂತಿತ್ತು. ಚಮಚದ ಹಿಡಿಯನ್ನು ಅದರ ಹಿಂದೆ ತೂರಿಸಿ ಮುಂದಕ್ಕೆ ಮೀಟಿದ್ದೇ ತಡ, ಟಕ್ಕನೆ ಕಳಚಿತು. ಹಿಂದಕ್ಕೆ ಮೀಟಿದ್ದರೆ ಗಂಟಲಿಗೇ ಬೀಳುತ್ತಿತ್ತು.

ಹೀಗೆ ಬಾಯಿಯೊಳಗೇ ಕಾಣುವಂತಿದ್ದು, ನಾಯಿ ಬಿಟ್ಟುಕೊಟ್ಟರೆ ತೆಗೆಯಬಹುದು. ಕಾಣದಿದ್ದರೆ ಕೈ ಬಿಡಿ. ಕೆಮ್ಮುತ್ತಿರುವ ನಾಯಿಗೆ ಕೆಮ್ಮುವುದಕ್ಕೆ ಬಿಡುವುದೇ ಒಳ್ಳೆಯದು. ನಮ್ಮ ತಳ್ಳಾಟಕ್ಕಿಂತ ಅದರ ಕೆಮ್ಮಿಗೆ ಬಲ ಹೆಚ್ಚು. ಕಾಲರ್ ಬಿಚ್ಚಿ, ಸುತ್ತ ನೆರೆದವರನ್ನು ದೂರ ಕಳಿಸಿ, ಶಾಂತವಾಗಿ ವಾಹನ ಹತ್ತಿಸಿ.

ಸುತ್ತ ನೆರೆದವರು ಎಂದೆನಲ್ಲ, ಅವರಲ್ಲಿ ಒಬ್ಬರಾದರೂ ಬಾಳೆಹಣ್ಣು ನುಂಗಿಸಿ ಎನ್ನುತ್ತಾರೆ. ಇನ್ನೊಬ್ಬರು ಅನ್ನದ ಉಂಡೆ, ಮತ್ತೊಬ್ಬರು ತೆಂಗಿನೆಣ್ಣೆ. ಯಾವುದೂ ಬೇಡ. ಎಣ್ಣೆ, ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಅನ್ನದ ಉಂಡೆ ಅರ್ಧ ಕಟ್ಟಿದ ದಾರಿಯನ್ನು ಪೂರ್ತಿ ಕಟ್ಟೀತು.

ಮೂಳೆ ಶ್ವಾಸನಾಳಕ್ಕೆ ಹೋಗದೆ ಅನ್ನನಾಳದಲ್ಲಿ ನಿಲ್ಲುವುದೂ ಇದೆ. ಉಸಿರಿಗೆ ತೊಂದರೆಯಿಲ್ಲ, ಆದರೆ ಪದೇಪದೇ ನುಂಗುವಂತೆ ಮಾಡುತ್ತದೆ, ತಿಂದದ್ದು ಕುಡಿದದ್ದು ಹಾಗೇ ವಾಪಸ್ ಬರುತ್ತದೆ. ನಾಳೆ ನೋಡೋಣ ಎನ್ನಬೇಡಿ. ಮೂಳೆ ಒತ್ತಿದ ಕಡೆ ಅನ್ನನಾಳ ಕೊಳೆತು ತೂತಾಗುತ್ತದೆ. ಇದಕ್ಕೆ ಎಕ್ಸ್‌ರೇ, ಎಂಡೋಸ್ಕೋಪ್ (ಗಂಟಲಿಗೆ ಇಳಿಸುವ ಕ್ಯಾಮೆರಾ ಕೊಳವೆ) ಬೇಕಾಗಬಹುದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಸೋಮವಾರಪೇಟೆ, ಶನಿವಾರಸಂತೆ ಕಡೆಯವರಿಗೆ ಹಾಸನದ ಪಶುವೈದ್ಯಕೀಯ ಕಾಲೇಜು ಹತ್ತಿರ. ಎಲ್ಲಿಗೇ ಆಗಲಿ, ಫೋನ್ ಮಾಡಿ ಆ ಉಪಕರಣವೂ ನಡೆಸುವವರೂ ಇದ್ದಾರೆಯೇ ಎಂದು ಕೇಳಿಕೊಂಡೇ ಹೊರಡಿ. ಮಳೆಗಾಲದಲ್ಲಿ ಮಂಗಳೂರು ದಾರಿ ಹಿಡಿಯುವುದಾದರೆ ಸಂಪಾಜೆ ಘಾಟಿ ತೆರೆದಿದೆಯೇ ಎಂಬುದನ್ನೂ. ಗುಡ್ಡ ಕುಸಿದು ಆ ದಾರಿ ಮುಚ್ಚಿದ 2018ರ ಆಗಸ್ಟ್ ಯಾರಿಗೂ ಮರೆತಿಲ್ಲ.

ಗಾಳಿ ನಿಂತಿದೆ: ನಾಯಿಗೆ ಏನು ಮಾಡಬೇಕು

ಇಬ್ಬರಿದ್ದರೆ ಒಬ್ಬರು ಫೋನ್ ಹಿಡಿಯಲಿ, ಗಾಡಿ ತಿರುಗಿಸಿ ನಿಲ್ಲಿಸಲಿ. ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆ ಇದೆ, ಆದರೆ ಉಸಿರು ನಿಂತ ನಾಯಿಗೆ ಅದು ಬರುವ ತನಕ ಕಾಯುವ ಹೊತ್ತಿರುವುದಿಲ್ಲ. ನೀವು ಇವನ್ನು ಒಂದರ ಹಿಂದೆ ಒಂದು ಮಾಡಿ.

1. ಕಾಲರ್, ಸರಪಳಿ ತೆಗೆಯಿರಿ. ಒಂದು ಕೈಯಿಂದ ಮೇಲ್ದವಡೆ ಹಿಡಿದು, ತುಟಿಯನ್ನು ಹಲ್ಲಿನ ಮೇಲೆ ಒಳಗೆ ಮಡಿಸಿ ಒತ್ತಿ. ಕಚ್ಚಲು ಹೋದರೆ ಅದರ ತುಟಿಯೇ ಸಿಕ್ಕುತ್ತದೆ. ಇನ್ನೊಂದು ಕೈಯಿಂದ ಕೆಳದವಡೆ ಇಳಿಸಿ. ನಾಲಿಗೆ ಜಾರುತ್ತದೆ, ಬಟ್ಟೆಯಿಂದ ಹಿಡಿದು ಮುಂದಕ್ಕೆ ಎಳೆಯಿರಿ. ವಸ್ತು ಕಂಡರೆ ಇಕ್ಕಳದಿಂದಲೋ ಬೆರಳಿನಿಂದಲೋ ತೆಗೆಯಿರಿ. ಕಾಣದೆ ಕುರುಡಾಗಿ ಬೆರಳಾಡಿಸಬೇಡಿ, ಇನ್ನಷ್ಟು ಒಳಗೆ ಹೋಗುತ್ತದೆ. ನಾಲಿಗೆಯ ಬುಡದಲ್ಲಿ ಬೆರಳಿಗೆ ತಾಗುವ ಸಣ್ಣ ಗಟ್ಟಿ ಎಲುಬು ನಾಯಿಯದೇ. ಅದನ್ನು ಕೋಳಿ ಮೂಳೆ ಎಂದು ಎಳೆದು ಗಂಟಲು ಹರಿಯಬೇಡಿ.

2. ತಲೆ ಕೆಳಗಾಗಲಿ. ಸಣ್ಣ ನಾಯಿಯಾದರೆ ಹಿಂದೊಡೆ ಹಿಡಿದು ತಲೆಕೆಳಗಾಗಿ ಎತ್ತಿ. ದೊಡ್ಡದಾದರೆ ಮುಂಗಾಲು ನೆಲದಲ್ಲೇ ಇರಲಿ, ಹಿಂಗಾಲೆರಡನ್ನೂ ಕೈಗಾಡಿಯ ಹಿಡಿಯಂತೆ ಎತ್ತಿ ಹಿಡಿಯಿರಿ. ಎಷ್ಟೋ ಸಲ ಇದರಲ್ಲೇ ಬೀಳುತ್ತದೆ.

3. ಬೀಳಲಿಲ್ಲವೇ? ಎರಡು ಹೆಗಲ ಮೂಳೆಗಳ ನಡುವೆ, ಅಂಗೈಯ ಬುಡದಿಂದ ಐದು ಸಲ ಬಿರುಸಾಗಿ ಹೊಡೆಯಿರಿ. ಬಾಯಿ ನೋಡಿ.

4. ಈಗ ಹೊಟ್ಟೆ ಒತ್ತುವುದು. ನಾಯಿ ನಿಂತಿದ್ದರೆ ಹಿಂದಿನಿಂದ ಅದರ ಸೊಂಟ ಬಳಸಿ. ಕೊನೆಯ ಪಕ್ಕೆಲುಬಿನ ಹಿಂದೆ, ಹೊಟ್ಟೆಯ ಮೆತ್ತನೆಯ ಭಾಗಕ್ಕೆ ಮುಷ್ಟಿ ಇಟ್ಟು, ಮೇಲಕ್ಕೂ ತಲೆಯ ಕಡೆಗೂ ಸೇರಿದಂತೆ ಐದು ಸಲ ಝಾಡಿಸಿ ಒತ್ತಿ. ಕುಸಿದು ಮಲಗಿದ್ದರೆ ಒಂದು ಕೈ ಬೆನ್ನಿಗೆ ಆನಿಸಿ, ಇನ್ನೊಂದರಿಂದ ಅದೇ ಜಾಗವನ್ನು ಮುಂದಕ್ಕೆ ಒತ್ತಿ. ಮತ್ತೆ ಬಾಯಿ ನೋಡಿ. ವಸ್ತು ಹೊರಬರುವ ತನಕ 3 ಮತ್ತು 4ನೇ ಹೆಜ್ಜೆಗಳನ್ನು ಮತ್ತೆ ಮತ್ತೆ ಮಾಡಿ.

ಚೆಂಡು ಸಿಕ್ಕಿದರೆ ಉಪಾಯ ಬೇರೆ. ಜೊಲ್ಲಾದ ರಬ್ಬರ್ ಚೆಂಡು ಬೆರಳಿಗೆ ಸಿಗುವುದಿಲ್ಲ, ಮುಟ್ಟಿದಷ್ಟೂ ಒಳಕ್ಕೆ ಜಾರುತ್ತದೆ. ನಾಯಿಯನ್ನು ಅಂಗಾತ ಮಲಗಿಸಿ, ಹೊರಗಿನಿಂದ ದವಡೆಯ ಕೆಳಗೆ ಗಂಟಲು ಮುಟ್ಟಿ ನೋಡಿದರೆ ಚೆಂಡಿನ ಉಬ್ಬು ಸಿಗುತ್ತದೆ. ಎರಡೂ ಹೆಬ್ಬೆರಳನ್ನು ಅದರ ಹಿಂಬದಿಗೆ ಇಟ್ಟು ಬಾಯಿಯ ಕಡೆಗೆ ನೂಕಿ.

ಜೋರಾಗಿ ಒತ್ತಿದರೆ ಪಕ್ಕೆಲುಬು ಮುರಿದೀತು ಎಂದು ಹಿಂಜರಿಯುವವರಿಗೆ ಒಂದು ಮಾತು: ಮುರಿದ ಪಕ್ಕೆಲುಬು ಕೂಡುತ್ತದೆ.

ಬೆಕ್ಕಿನ ವಿಚಾರ

ಬೆಕ್ಕು ನಾಯಿಯ ಹಾಗೆ ಗಬಗಬ ನುಂಗುವುದಲ್ಲ, ಹಾಗಾಗಿ ಉಸಿರುಗಟ್ಟುವುದು ಕಡಿಮೆ. ನಾವು ನೋಡುವ ಹೆಚ್ಚಿನ ಗಲಾಟೆ ಕೂದಲುಂಡೆಯದು: ನೆಲಕ್ಕೆ ಕುಗ್ಗಿ ಕೂತು, ಹೊಟ್ಟೆ ಕುಣಿಸಿ, ಕೊನೆಗೆ ಒದ್ದೆ ಕೂದಲಿನ ಉದ್ದನೆಯ ಉಂಡೆ ಕಕ್ಕಿ ಹೊರಟುಹೋಗುತ್ತದೆ. ಉಂಡೆ ಬಾರದೆ, ಹೀಗೇ ಕುಗ್ಗಿ ಕೂತು ಕತ್ತು ಚಾಚಿ ಆಗಾಗ ಕೆಮ್ಮುತ್ತಿದ್ದರೆ ಉಬ್ಬಸ ಇರಬಹುದು. ಕಾಫಿ ಕಣದ ಧೂಳು, ಅಡುಗೆಮನೆಯ ಸೌದೆ ಹೊಗೆ ಇಂಥ ಬೆಕ್ಕಿಗೆ ಆಗಿಬರುವುದಿಲ್ಲ. ಬೆಕ್ಕು ಬಾಯಿ ತೆರೆದು ಉಸಿರಾಡತೊಡಗಿದರೆ ಕಾರಣ ಏನೇ ಇರಲಿ, ತಡ ಮಾಡದೆ ಡಾಕ್ಟರ ಬಳಿ ಒಯ್ಯಬೇಕು.

ನಿಜವಾಗಿ ಉಸಿರು ಕಟ್ಟಿದಾಗ ದಪ್ಪ ಟವೆಲಿನಲ್ಲಿ ಸುತ್ತಿ, ಮುಖ ಮಾತ್ರ ಹೊರಗಿಟ್ಟು ಬಾಯಿ ನೋಡಿ. ಏನೂ ಸಿಗದಿದ್ದರೆ ಟವೆಲ್ ಸಡಿಲಿಸಿ, ಬೆಕ್ಕಿನ ಬೆನ್ನು ನಿಮ್ಮ ಎದೆಗೆ ಬರುವಂತೆ ಹಿಡಿದು, ಪಕ್ಕೆಲುಬಿನ ಕೆಳಗೆ ಎರಡು ಮೂರು ಬೆರಳಿಟ್ಟು ಒಳಕ್ಕೆ-ಮೇಲಕ್ಕೆ ಐದು ಸಲ ಚುರುಕಾಗಿ ಒತ್ತಿ. ಮುಷ್ಟಿ ಬೇಡ, ಬೆರಳಿನ ಬಲ ಸಾಕು.

ದಾರದ ವಿಷಯದಲ್ಲಿ ಮಾತ್ರ ನಿಮ್ಮ ಕೈ ಕಟ್ಟಿಹಾಕಿಕೊಳ್ಳಿ. ಹೊಲಿಗೆ ದಾರ ಬೆಕ್ಕಿನ ಬಾಯಿಂದ ನೇತಾಡುತ್ತಿದ್ದರೆ ಇನ್ನೊಂದು ತುದಿಯಲ್ಲಿ ಸೂಜಿ ಇರಬಹುದು, ನಾಲಿಗೆಯ ಅಡಿಗೆ ಸುತ್ತಿಕೊಂಡು ಕರುಳಿನ ತನಕ ಹೋಗಿರಬಹುದು. ಎಳೆದರೆ ಕರುಳು ಕೊಯ್ಯುತ್ತದೆ. ಹೊಳೆ ಬದಿಯಲ್ಲಿ ಗಾಳದ ಸಮೇತ ಮೀನು ನುಂಗಿದ ಪ್ರಾಣಿಗೂ ಇದೇ: ನೂಲನ್ನು ಎಳೆಯಬೇಡಿ, ಸ್ವಲ್ಪ ಉದ್ದ ಹೊರಗೆ ಉಳಿಯುವಂತೆ ಇರಲಿ, ಹಾಗೇ ಒಯ್ಯಿರಿ.

ಪ್ರಜ್ಞೆ ತಪ್ಪಿ ಬಿದ್ದರೆ

ಮೈ ಸಡಿಲಾದಾಗ ಬಾಯಿ ಸುಲಭವಾಗಿ ತೆರೆಯುತ್ತದೆ. ನಾಲಿಗೆ ಪೂರ್ತಿ ಎಳೆದು ಇನ್ನೊಮ್ಮೆ ನೋಡಿ; ಮೊದಲು ಕಾಣದ್ದು ಈಗ ಕಾಣಬಹುದು. ಆಮೇಲೂ ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ. ನಾಡಿ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಪಕ್ಕಕ್ಕೆ ಮಲಗಿಸಿ. ಲ್ಯಾಬ್ರಡಾರ್‌ನಂಥ ದುಂಡು ಎದೆಯ ನಾಯಿಗೆ ಎದೆಯ ಅತಿ ಅಗಲವಾದ ಜಾಗದ ಮೇಲೆ ಎರಡೂ ಕೈಯಿಂದ ಒತ್ತಿ. ಮುಧೋಳದಂಥ ಕಿರಿದಾದ, ಆಳವಾದ ಎದೆಯ ನಾಯಿಗೆ ಮೊಣಕೈ ಹಿಂದೆ, ನೇರ ಹೃದಯದ ಮೇಲೆ. ಬುಲ್‌ಡಾಗ್‌ನಂಥ ಚಪ್ಪಟೆ ಎದೆಯದನ್ನು ಅಂಗಾತ ಮಲಗಿಸಿ ಎದೆಮೂಳೆಯ ಮೇಲೆ. ಬೆಕ್ಕಿಗೆ, ಮರಿಗೆ ಒಂದೇ ಕೈಯಲ್ಲಿ ಎದೆಯನ್ನು ಎರಡೂ ಬದಿಯಿಂದ ಹಿಡಿದು ಹಿಸುಕಿದರೆ ಆಯಿತು. ನಿಮಿಷಕ್ಕೆ 100ರಿಂದ 120 ಸಲ. ಪಕ್ಕಕ್ಕೆ ಮಲಗಿಸಿದಾಗ ಎದೆಯ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ಆಳಕ್ಕೆ ಇಳಿಯಬೇಕು, ಪ್ರತಿ ಸಲವೂ ಪೂರ್ತಿ ಮೇಲೆ ಬರಲು ಬಿಡಬೇಕು.

30 ಸಲ ಒತ್ತಿದ ಮೇಲೆ ಬಾಯಿ ಮುಚ್ಚಿಹಿಡಿದು, ಮೂಗಿನ ಸುತ್ತ ನಿಮ್ಮ ಬಾಯಿಟ್ಟು ಎದೆ ಏಳುವಷ್ಟು ಎರಡು ಸಲ ಊದಿ. ನಿಮ್ಮದೇ, ಲಸಿಕೆ ಹಾಕಿಸಿದ ಪ್ರಾಣಿಗೆ ಮಾತ್ರ ಇದು. ಗುರುತಿಲ್ಲದ ನಾಯಿಗೆ ಎದೆ ಒತ್ತಿದರೆ ಸಾಕು, ಬಾಯಿ ಇಡಬೇಡಿ. ಊದಿದ ಗಾಳಿ ಒಳಗೆ ಹೋಗದಿದ್ದರೆ ವಸ್ತು ಇನ್ನೂ ಅಲ್ಲೇ ಇದೆ, ಮತ್ತೆ ಗಂಟಲು ನೋಡಿ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಉಸಿರು ಬಂತೇ ಎಂದು ನೋಡಿ, ಬಾರದಿದ್ದರೆ ಮುಂದುವರಿಸಿ. ಗಾಡಿಯಲ್ಲಿ ಹಿಂದೆ ಕೂತು ಒಬ್ಬರು ಒತ್ತುತ್ತಲೇ ಇರಬಹುದು. ಇಷ್ಟೆಲ್ಲ ಮಾಡಿಯೂ ಉಳಿಯದೆ ಹೋಗುವುದು ಹೆಚ್ಚು. ಅದನ್ನೂ ಹೇಳಿಬಿಡುವುದು ಒಳ್ಳೆಯದು.

ಹೊರಗೆ ಬಂತು, ಎದ್ದು ಓಡಾಡುತ್ತಿದೆ

ಆದರೂ ಡಾಕ್ಟರಿಗೆ ತೋರಿಸಿ. ಗಂಟಲು ಗೀರಿ ಊದಿಕೊಳ್ಳಬಹುದು. ಕಟ್ಟಿದ ಗಂಟಲಿನಿಂದ ಬಲವಾಗಿ ಉಸಿರೆಳೆದುದರ ಫಲವಾಗಿ ಕೆಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುವುದೂ ಉಂಟು. ಅವತ್ತು ರಾತ್ರಿ ನಾಯಿ ಮಲಗಿ ನಿದ್ದೆ ಹೋದಾಗ ಪಕ್ಕೆ ಏಳುವುದನ್ನು ಒಂದು ನಿಮಿಷ ಎಣಿಸಿ. 30ರ ಒಳಗಿದ್ದರೆ ಸರಿ. ಅದಕ್ಕಿಂತ ಏರುತ್ತಾ ಹೋದರೆ ಬೆಳಗಾಗುವ ತನಕ ಕಾಯಬೇಡಿ. ಹೊರಬಂದ ವಸ್ತುವನ್ನು ಎಸೆಯದೆ ಜೊತೆಗೆ ಒಯ್ದರೆ, ಚೂರು ಒಳಗೆ ಉಳಿದಿದೆಯೇ ಎಂದು ಅವರಿಗೆ ಅಂದಾಜು ಸಿಗುತ್ತದೆ.

ನಮ್ಮ ಕಡೆ ಸಿಕ್ಕಿಕೊಳ್ಳುವುದು ಏನು

ಮೊದಲನೆಯದು ಬೆಂದ ಮೂಳೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ, ಸುಗ್ಗಿ ಹಬ್ಬ ಪುತ್ತರಿ, ಮದುವೆ, ತಿಥಿ. ಎಲೆ ಎತ್ತಿದ ಕೂಡಲೇ ಹಂದಿ, ಕೋಳಿ ಮೂಳೆ ನಾಯಿಯ ಪಾಲು ಎಂಬುದು ನಮ್ಮಲ್ಲಿ ರೂಢಿ. ಬೆಂದ ಮೂಳೆ ಸೀಳಿ ಚೂಪಾಗುತ್ತದೆ. ಅಡ್ಡ ಕಡಿದ ನಳಿಗೆ ಮೂಳೆಯ ಬಳೆ ಕೆಳದವಡೆಗೆ ತೊಡಿಸಿದ ಹಾಗೆ ಕೋರೆಹಲ್ಲಿನ ಹಿಂದೆ ಕೂತುಬಿಡುತ್ತದೆ. ಎಣ್ಣೆ ಸವರಿ ಮೆಲ್ಲಗೆ ತಿರುಗಿಸಿ ನೋಡಿ, ಜಾರದಿದ್ದರೆ ಡಾಕ್ಟರು ಮತ್ತಿನ ಮದ್ದು ಕೊಟ್ಟು ಕತ್ತರಿಸಬೇಕಾಗುತ್ತದೆ. ನಾಲ್ಕು ನಾಯಿಗೆ ಒಂದೇ ಕಡೆ ಎಸೆದರೆ ಪೈಪೋಟಿಯಲ್ಲಿ ಅಗಿಯದೆ ನುಂಗುತ್ತವೆ. ಅನ್ನಕ್ಕೆ ಸಾರು ಕಲೆಸಿ ಹಾಕಿ, ಮೂಳೆ ಗುಂಡಿಗೆ ಹೋಗಲಿ. ಗುಂಡಿ ನಾಯಿ ಕೆದಕದಷ್ಟು ಆಳವಿರಲಿ.

ಮರದಡಿ ಉದುರಿದ ಬಟರ್‌ಫ್ರೂಟ್ ತಿನ್ನಲು ನಾಯಿಗೆ ಬಲು ಆಸೆ. ಅದರ ಬೀಜ ನುಣ್ಣಗೆ, ಗಂಟಲಿಗೆ ಅಳತೆ ಕೊಟ್ಟು ಮಾಡಿಸಿದಂತಿರುತ್ತದೆ. ಗಂಟಲು ದಾಟಿದರೆ ಕರುಳು ಕಟ್ಟುತ್ತದೆ. ಹಲಸಿನ ಬೀಜವೂ ಅಷ್ಟೇ. ಮಕ್ಕಳ ಚೆಂಡಾದರೆ ನಾಯಿಯ ಕೋರೆಹಲ್ಲಿನ ಹಿಂದಕ್ಕೆ ಜಾರದಷ್ಟು ದೊಡ್ಡದಿರಬೇಕು.

ಮಳೆಗಾಲದಲ್ಲಿ ತೊರೆ, ಕೆರೆ ನೀರು ಕುಡಿದ ನಾಯಿಯ ಮೂಗಿಗೋ ಗಂಟಲಿಗೋ ಜಿಗಣೆ ಸೇರುತ್ತದೆ. ಬಿಟ್ಟು ಬಿಟ್ಟು ಸೀನು, ಒಂದು ಹೊಳ್ಳೆಯಲ್ಲಿ ರಕ್ತ, ಗಂಟಲು ಕೆರೆದಂತೆ ಓಕರಿಕೆ. ಕಾಲಿಗೆ ಹತ್ತಿದ್ದಕ್ಕೆ ಹಾಕುವ ಉಪ್ಪು, ಹೊಗೆಸೊಪ್ಪನ್ನು ಮೂಗಿಗೆ ತುರುಕಬೇಡಿ. ಡಾಕ್ಟರು ನೋಡಿ ಇಕ್ಕಳದಲ್ಲಿ ತೆಗೆಯುತ್ತಾರೆ.

ಕೊನೆಯದು ಗಂಟಲ ಹೊರಗಿನ ಕುಣಿಕೆ. ಕಾಡುಹಂದಿಗೆಂದು ಬೇಲಿ ಸಂದಿಯಲ್ಲಿ ಒಡ್ಡುವ ತಂತಿ ಉರುಳಿಗೆ ತೋಟದ ನಾಯಿಗಳೂ ಬೀಳುತ್ತವೆ. ಉರುಳು ಒಡ್ಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಆದರೂ ನಿಂತಿಲ್ಲ. ಸಿಕ್ಕಿದ ನಾಯಿ ಎಳೆದಷ್ಟೂ ತಂತಿ ಬಿಗಿಯುತ್ತದೆ. ಕರೆದರೆ ನಿಮ್ಮ ಕಡೆ ಓಡಿ ಬರಲು ನೋಡುತ್ತದೆ, ಆದ್ದರಿಂದ ಕರೆಯಬೇಡಿ. ಗೂಟದ ಬದಿಯಿಂದ ಹತ್ತಿರ ಹೋಗಿ, ತಂತಿ ಸಡಿಲಾಗುವಂತೆ ನಾಯಿಯನ್ನು ಆ ಕಡೆಗೆ ಸರಿಸಿ, ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ. ಚರ್ಮದೊಳಗೆ ಹೂತ ತಂತಿಯನ್ನು ಅಲ್ಲೇ ಕೀಳಬೇಡಿ, ಗೂಟದಿಂದ ಬಿಡಿಸಿ ಹಾಗೇ ಒಯ್ಯಿರಿ. ಮೀಸೆಯಷ್ಟು ತೆಳುವಾದ ಕ್ಲಚ್ ತಂತಿಗೆ ಕತ್ತಿ ಏನೂ ಮಾಡದು. ಹಾಗಾಗಿ ಕಟಿಂಗ್ ಪ್ಲೇಯರ್, ಟಾರ್ಚ್, ಉದ್ದ ಮೂತಿಯ ಇಕ್ಕಳ, ಒಂದು ಹಳೆ ಟವೆಲ್ ಇವಿಷ್ಟು ಜೀಪಿನ ಸೀಟಿನಡಿ ಇದ್ದರೆ ಒಳ್ಳೆಯದು. ಹತ್ತಿರದ ಪಶು ಆಸ್ಪತ್ರೆಯ ನಂಬರನ್ನು ಮೊಬೈಲಿನಲ್ಲಷ್ಟೇ ಅಲ್ಲ, ಅಡುಗೆಮನೆ ಬಾಗಿಲ ಹಿಂದೆಯೂ ಬರೆದಿಡಿ. ಮಳೆಗಾಲದಲ್ಲಿ ಕರೆಂಟ್ ಹೋದ ನಾಲ್ಕನೇ ದಿನ ಮೊಬೈಲಿನಲ್ಲಿ ಚಾರ್ಜ್ ಇರುವುದಿಲ್ಲ, ಪಕ್ಕದ ಮನೆಯವರ ಫೋನಿನಿಂದ ಮಾಡಬೇಕಾಗುತ್ತದೆ.